ಬೇಡಿಕೆಗೆ ಮುನ್ನ ಲೆಕ್ಕ: ಮಕ್ಕಳ ಗ್ರಾಮಸಭೆ ಬೆಳೆದು ಬಂದ ದಾರಿ

2021ರ ಜುಲೈ ಮಳೆಗೆ ಅರಬೈಲ್ ಘಟ್ಟದಲ್ಲಿ ಗುಡ್ಡ ಜರಿದು ಹುಬ್ಬಳ್ಳಿ–ಅಂಕೋಲಾ ಹೆದ್ದಾರಿ ಬಂದ್ ಆಯಿತು. ಅದೇ ಮಳೆಯಲ್ಲಿ ಕಳಚೆಯ ಅಡಿಕೆ ತೋಟಗಳು ಮಣ್ಣಿನಡಿ ಸೇರಿದವು. ಗುಳ್ಳಾಪುರದ ಸೇತುವೆಯನ್ನು ಗಂಗಾವಳಿ ಕೊಚ್ಚಿಕೊಂಡು ಹೋಯಿತು. ಅಧಿಕಾರ ವಹಿಸಿಕೊಂಡ ಮರುದಿನವೇ, ಜುಲೈ 29ರಂದು, ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಯಲ್ಲಾಪುರದ ಈ ಭಾಗಕ್ಕೆ ಬಂದು ಹೋದರು. ಪರಿಹಾರ, ಪುನರ್ವಸತಿ, ತಡೆಗೋಡೆ ಎಂಬ ಮಾತುಗಳು ಆ ಮಳೆಗಾಲವಿಡೀ ಮನೆಮನೆಯ ಜಗಲಿಯಲ್ಲಿ ಕೇಳಿದವು.

ಆ ಮಾತುಗಳನ್ನು ಮಕ್ಕಳೂ ಕೇಳಿಸಿಕೊಂಡಿದ್ದಾರೆ. ಶಾಲೆಯಲ್ಲಿ ಅವರು ಭೂಗೋಳದ ಪಾಠದಲ್ಲಿ ಭೂಕುಸಿತದ ಕಾರಣ ಬರೆಯುತ್ತಾರೆ, ಪೌರನೀತಿಯ ಪಾಠದಲ್ಲಿ ಗ್ರಾಮ ಪಂಚಾಯಿತಿಯ ಕೆಲಸಗಳನ್ನು ಪಟ್ಟಿ ಮಾಡುತ್ತಾರೆ. ನಮ್ಮೂರ ಗುಡ್ಡ ಯಾಕೆ ಜರಿಯಿತು, ಯಾರು ಏನು ಮಾಡಬೇಕು ಎಂದು ಎರಡನ್ನೂ ಕೂಡಿಸಿ ಕೇಳುವ ಜಾಗವೊಂದು ಕರ್ನಾಟಕದಲ್ಲಿ ಇದೆ. ಅದು ಮಕ್ಕಳ ಗ್ರಾಮಸಭೆ. ಅದು ಹುಟ್ಟಿದ ಕತೆ ತಿಳಿದರೆ, ಅದನ್ನು ಹೇಗೆ ಬಳಸಬೇಕು ಎಂಬುದೂ ತಿಳಿಯುತ್ತದೆ.

ಕುಂದಾಪುರದ ಕಾಲುಸಂಕ

ಕತೆ ಶುರುವಾಗುವುದು ದುಡಿಯುವ ಮಕ್ಕಳಿಂದ. ಬೆಂಗಳೂರಿನ 'ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಸಂಸ್ಥೆಯ ಒತ್ತಾಸೆಯಲ್ಲಿ 1990ರಲ್ಲಿ ದುಡಿಯುವ ಮಕ್ಕಳು ತಮ್ಮದೇ 'ಭೀಮ ಸಂಘ' ಕಟ್ಟಿಕೊಂಡರು. 1992ರ ಡಿಸೆಂಬರಿನಲ್ಲಿ ಭಾರತವು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿಕೊಂಡಿತು. ತಮಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿಗೆ ಇದೆ ಎಂದು ಅದರ 12ನೇ ವಿಧಿ ಹೇಳುತ್ತದೆ. ಮರುವರ್ಷ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದು ಪಂಚಾಯಿತಿಗೆ ಬಲ ಬಂತು. ಹಕ್ಕೂ ಇತ್ತು, ಹೇಳಿಕೊಳ್ಳಲು ಹತ್ತಿರದ ಸರ್ಕಾರವೂ ಇತ್ತು.

ಇವೆರಡನ್ನು ಜೋಡಿಸಿದ್ದು ಕುಂದಾಪುರ ಭಾಗದ 'ಮಕ್ಕಳ ಪಂಚಾಯತ್'. 1990ರ ದಶಕದ ನಡುವಿನಲ್ಲಿ ಆರಂಭವಾದ ಈ ಪ್ರಯೋಗದಲ್ಲಿ ಶಾಲೆಗೆ ಹೋಗುವವರು, ದುಡಿಯುವವರು ಇಬ್ಬರೂ ಸೇರಿ ಮತ ಹಾಕಿ ತಮ್ಮ ಪ್ರತಿನಿಧಿಗಳನ್ನು ಆರಿಸಿಕೊಂಡರು. ಊರಿನ ದೊಡ್ಡವರಲ್ಲಿ ನಂಬಿಕಸ್ಥರೊಬ್ಬರನ್ನು 'ಮಕ್ಕಳ ಮಿತ್ರ' ಎಂದು ಮಕ್ಕಳೇ ಆರಿಸಿದರು. ಅಧಿಕಾರಿಗಳು, ಪಂಚಾಯಿತಿ ಸದಸ್ಯರು, ಮಕ್ಕಳು ಒಟ್ಟಿಗೆ ಕೂರುವ ಕಾರ್ಯಪಡೆಗಳು ರಚನೆಯಾದವು.

ಇಷ್ಟೇ ಆಗಿದ್ದರೆ ಅದು ಅಣಕು ಸಂಸತ್ತಿನ ಇನ್ನೊಂದು ರೂಪವಾಗುತ್ತಿತ್ತು. ಅಲ್ಲಿನ ಮಕ್ಕಳು ಸಭೆಗೆ ಮುಂಚೆ ಮನೆಮನೆ ಸಮೀಕ್ಷೆ ಮಾಡಿದರು, ನಕ್ಷೆ ಬರೆದರು. ಮಳೆಗಾಲದಲ್ಲಿ ಶಾಲೆ ತಪ್ಪಲು ಕಾರಣವಾದ ಕಾಲುಸಂಕವನ್ನೇ ನೋಡಿ. ಹಳ್ಳಕ್ಕೆ ಅಡ್ಡಲಾಗಿ ಒಂದೆರಡು ಮರದ ದಿಮ್ಮಿ, ಹಿಡಿದುಕೊಳ್ಳಲು ಒಂದು ಬಿದಿರು, ಆಷಾಢದಲ್ಲಿ ಮೇಲೆಲ್ಲ ಪಾಚಿ. 'ಸಂಕ ಸರಿಯಿಲ್ಲ' ಎಂದಷ್ಟೇ ಹೇಳಿದರೆ 'ನೋಡೋಣ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಯಾವ ಹಳ್ಳದ ಸಂಕ, ಎಷ್ಟು ಮನೆಯ ಮಕ್ಕಳು ದಾಟುತ್ತಾರೆ, ಯಾವ ತಿಂಗಳು ನೀರು ಸಂಕದ ಮೇಲೆ ಹರಿಯುತ್ತದೆ, ಸುತ್ತು ಹಾದಿ ಎಷ್ಟು ದೂರ ಎಂಬ ಲೆಕ್ಕ ಮುಂದಿಟ್ಟರೆ ಪಂಚಾಯಿತಿ ತಳ್ಳಿಹಾಕುವುದು ಕಷ್ಟ. ಸೌದೆ ತರುವ ಹೊರೆಯಿಂದ ಹುಡುಗಿಯರು ಶಾಲೆ ಬಿಡುವುದನ್ನೂ ಇದೇ ರೀತಿ ಪರಿಶೀಲಿಸಲಾಯಿತು. 'ಅಪ್ಪ–ಅಮ್ಮನಿಗೆ ಓದಿಸುವ ಆಸೆಯಿಲ್ಲ' ಎಂಬ ಸುಲಭದ ಉತ್ತರದ ಹಿಂದೆ ಕಾಡಿನ ದೂರ, ಒಲೆಯ ಖರ್ಚು, ಮನೆಗೆಲಸದ ಹಂಚಿಕೆ ಇರುವುದು ಹೀಗೆ ಕೆದಕಿದಾಗಲೇ ಗೊತ್ತಾಗುವುದು.

ಸುಮಾರು ಅದೇ ಕಾಲಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 'ಪ್ರಾಜೆಕ್ಟ್ ಸಿಟಿಜನ್' ಎಂಬ ಶಾಲಾ ಕಾರ್ಯಕ್ರಮ ರೂಪುಗೊಂಡಿತು. ಅದರ ಮೆಟ್ಟಿಲು ನಾಲ್ಕು: ಸಮಸ್ಯೆಯನ್ನು ವಿವರಿಸುವುದು, ಬೇರೆ ಬೇರೆ ಪರಿಹಾರಗಳನ್ನು ತೂಗುವುದು, ತಮ್ಮದೊಂದು ನೀತಿಯನ್ನು ರೂಪಿಸುವುದು, ಅದು ಜಾರಿಯಾಗಲು ಯಾರನ್ನು ಹೇಗೆ ಒಪ್ಪಿಸಬೇಕೆಂದು ಯೋಜಿಸುವುದು. ಪಠ್ಯಪುಸ್ತಕವಿಲ್ಲದೆ ಕುಂದಾಪುರದ ಮಕ್ಕಳು ತುಳಿದದ್ದೂ ಹೆಚ್ಚುಕಡಿಮೆ ಇದೇ ಹಾದಿ.

ಬೇಡ್ತಿ ಕಲಿಸಿದ ಪಾಠ

ಘಟ್ಟದ ಮೇಲಿನವರಿಗೆ ಈ ಪಾಠ ಹೊಸದಲ್ಲ. ಅರಬೈಲಿನ ತಪ್ಪಲಿನಲ್ಲಿ ಗಂಗಾವಳಿ ಎನಿಸಿಕೊಳ್ಳುವ ನದಿ ಮೇಲೆ ಬೇಡ್ತಿ. ಆ ಬೇಡ್ತಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವ ಯೋಜನೆ ಬಂದಾಗ ಮುಳುಗುವ ತೋಟಗಳ ಬೆಳೆಗಾರರು ಬರೀ ಘೋಷಣೆ ಕೂಗಿ ಸುಮ್ಮನಾಗಲಿಲ್ಲ. 1923ರಲ್ಲಿ ಹುಟ್ಟಿದ ಶಿರಸಿಯ ತೋಟಗಾರ್ಸ್ ಸೊಸೈಟಿ ಬೆನ್ನಿಗೆ ನಿಂತಿತು. 1981ರಲ್ಲಿ ವಿಜ್ಞಾನಿಗಳು, ಅರ್ಥಶಾಸ್ತ್ರಜ್ಞರು, ಕೃಷಿಕರು ಒಂದೆಡೆ ಕೂತು ಯೋಜನೆಯ ಲಾಭ–ನಷ್ಟವನ್ನು ಹೊಸದಾಗಿ ಲೆಕ್ಕ ಹಾಕಿದರು. ಮುಳುಗುವ ಅಡಿಕೆ, ಏಲಕ್ಕಿ, ಕಾಳುಮೆಣಸಿನ ತೋಟಕ್ಕೆ, ಸೊಪ್ಪಿನ ಬೆಟ್ಟಕ್ಕೆ, ಕಾಡಿಗೆ ಬೆಲೆ ಕಟ್ಟಿದರೆ ಸರ್ಕಾರದ ಲೆಕ್ಕ ನಿಲ್ಲುತ್ತದೆಯೇ ಎಂದು ಕೇಳಿದರು. ಆ ಅಧ್ಯಯನವನ್ನು ಸೊಸೈಟಿಯೇ ಪುಸ್ತಕವಾಗಿ ಪ್ರಕಟಿಸಿತು. ಯೋಜನೆ ಅಲ್ಲಿಗೆ ನಿಂತಿತು.

ಯೋಜನೆ ನಿಲ್ಲಿಸಲು ಜನಬಲ ಬೇಕಿತ್ತು, ನಿಜ. ಆದರೆ ಸರ್ಕಾರದ ಕಡತವನ್ನೇ ತೆರೆದು ಅದರಲ್ಲಿ ಬಿಟ್ಟುಹೋದ ಸಾಲುಗಳನ್ನು ತುಂಬಿದ ಆ ಕೆಲಸ ಈ ಸೀಮೆಯ ದೊಡ್ಡ ಬೌದ್ಧಿಕ ಆಸ್ತಿ. ಅದನ್ನು ನಮ್ಮ ಹೈಸ್ಕೂಲುಗಳಲ್ಲಿ ಪಾಠ ಮಾಡಬೇಕು.

2006ರ ನಂತರ

ಕುಂದಾಪುರದ ಅನುಭವ ರಾಜ್ಯದ ನೀತಿಯಾದದ್ದು 2006ರಲ್ಲಿ. ಪ್ರತಿ ಗ್ರಾಮ ಪಂಚಾಯಿತಿಯೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು ಎಂದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ಸುತ್ತೋಲೆ ಹೊರಡಿಸಿತು. ಅಂದಿನಿಂದ ಮಕ್ಕಳ ದಿನಾಚರಣೆಯ ಆಸುಪಾಸಿನಲ್ಲಿ ಸಭೆಗಳು ನಡೆಯುತ್ತಾ ಬಂದಿವೆ. ಶೌಚಾಲಯ, ಕಾಂಪೌಂಡು, ಕುಡಿಯುವ ನೀರು, ಬಸ್ಸಿನ ಸಮಯ ಎಂದು ಮಕ್ಕಳು ಮೈಕ್ ಹಿಡಿದು ಹೇಳುತ್ತಾರೆ. ಅಧ್ಯಕ್ಷರು, ಪಿಡಿಒ ಬರೆದುಕೊಳ್ಳುತ್ತಾರೆ.

ಇದು ಸಣ್ಣ ಸಾಧನೆಯಲ್ಲ. ಹತ್ತು ವರ್ಷದ ಹುಡುಗಿ ಪಂಚಾಯಿತಿ ಅಧ್ಯಕ್ಷರನ್ನು ಎದುರಿಗೆ ಕೂರಿಸಿ ಪ್ರಶ್ನೆ ಕೇಳುವುದು ನಮ್ಮ ಅಜ್ಜಂದಿರ ಕಾಲದಲ್ಲಿ ಊಹೆಗೂ ಮೀರಿದ್ದು. ಆದರೂ ಹರಡುವ ಭರದಲ್ಲಿ ಮೂಲದ ಒಂದು ಅಂಗ ಕಳಚಿಬಿತ್ತು. ಸುತ್ತೋಲೆಯಿಂದ ಸಭೆ ಬಂತು, ಸಭೆಗೆ ಮುಂಚಿನ ಅಧ್ಯಯನ ಎಲ್ಲ ಊರಿಗೂ ಬರಲಿಲ್ಲ. ಎಷ್ಟೋ ಕಡೆ ಶಿಕ್ಷಕರು ಬರೆದುಕೊಟ್ಟ ಚೀಟಿ ಓದಿ ಮಗು ಕೂರುತ್ತದೆ. ಬೇಡುವುದನ್ನು ಕಲಿಯುತ್ತದೆ, ಬಿಡಿಸುವುದನ್ನು ಕಲಿಯುವುದಿಲ್ಲ.

ಅರಬೈಲಿನಲ್ಲಿ ಹೀಗೆ ಮಾಡಬಹುದು

ಮಳೆಗಾಲದಲ್ಲಿ ಶಾಲೆಗೆ ಬರುವ ದಾರಿ ಎಂಬ ಒಂದೇ ವಿಷಯವನ್ನು ಘಟ್ಟದ ಶಾಲೆಯೊಂದು ಕೈಗೆತ್ತಿಕೊಳ್ಳಲಿ. ಮೊದಲು ಮಕ್ಕಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಜರಿ ಪುಸ್ತಕ ನೋಡಿ ಯಾರು ಯಾವ ದಿನ ತಪ್ಪಿಸಿದರು ಎಂದು ಗುರುತಿಸಲಿ. ಶಾಲೆಯಂಗಳದಲ್ಲಿ ಮಳೆ ಅಳೆದು ಆ ದಿನಗಳ ಜೊತೆ ಹೊಂದಿಸಿ ನೋಡಲಿ. ಎಲ್ಲಿ ಚರಂಡಿ ಕಟ್ಟಿ ನೀರು ರಸ್ತೆಗೆ ನುಗ್ಗುತ್ತದೆ, ಎಲ್ಲಿ ಗುಡ್ಡವನ್ನು ನೆಟ್ಟಗೆ ಕಡಿಯಲಾಗಿದೆ ಎಂದು ದೊಡ್ಡವರ ಜೊತೆ ಹೋಗಿ, ದೂರದಲ್ಲೇ ನಿಂತು ನಕ್ಷೆ ಬರೆಯಲಿ.

ಮುಂದಿನ ಪ್ರಶ್ನೆ: ಇದು ಯಾರ ಕೆಲಸ? ಹೆದ್ದಾರಿ ರಾಷ್ಟ್ರೀಯ ಹೆದ್ದಾರಿಯವರದ್ದು, ಮೇಲಿನ ಕಾಡು ಅರಣ್ಯ ಇಲಾಖೆಯದ್ದು, ಬಸ್ಸು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆಯದ್ದು, ಮನೆಯಿಂದ ಹೆದ್ದಾರಿಯವರೆಗಿನ ಕಾಲುಹಾದಿ ಪಂಚಾಯಿತಿಯದ್ದು. ಒಂದೇ ಮಗುವಿನ ಒಂದೇ ಬೆಳಗಿನ ನಡಿಗೆಯಲ್ಲಿ ಇಷ್ಟು ಕಚೇರಿಗಳಿವೆ ಎಂದು ತಿಳಿದಾಗ ಪೌರನೀತಿಯ ಪಾಠಕ್ಕೆ ಜೀವ ಬರುತ್ತದೆ.

ಕೊನೆಗೆ ಪರಿಹಾರಗಳ ತೂಕ. ತಡೆಗೋಡೆಗೆ ಹಣ, ವರ್ಷಗಳು ಬೇಕು. ಚರಂಡಿ ಸ್ವಚ್ಛತೆ ಮೇ ತಿಂಗಳಲ್ಲೇ ಆದರೆ ಸಾಕಷ್ಟು ನೀರು ಪಕ್ಕಕ್ಕೆ ಹೋಗುತ್ತದೆ. ಬಸ್ಸಿನ ಸಮಯ ಅರ್ಧ ಗಂಟೆ ಹಿಂದೆಮುಂದೆ ಮಾಡಿದರೆ ಬೇರೆ ಊರಿನವರಿಗೆ ತೊಂದರೆಯಾಗುತ್ತದೆಯೇ? ಜೋರು ಮಳೆಯ ವಾರಗಳಲ್ಲಿ ಹಾಸ್ಟೆಲ್‌ನಲ್ಲಿ ಉಳಿಸಿಕೊಂಡರೆ ಹುಡುಗಿಯರ ಮನೆಯವರು ಒಪ್ಪುತ್ತಾರೆಯೇ? ಪ್ರತಿ ಪರಿಹಾರದಲ್ಲೂ ಯಾರಿಗೋ ಲಾಭ, ಯಾರಿಗೋ ಭಾರ ಇದ್ದೇ ಇರುತ್ತದೆ. ಅದನ್ನು ಒಪ್ಪಿಕೊಂಡು ಆಯ್ಕೆ ಮಾಡುವುದೇ ಸಾರ್ವಜನಿಕ ನೀತಿಯ ತಿರುಳು.

ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ, ಬೇಡ್ತಿ–ವರದಾ ನದಿ ಜೋಡಣೆ: ಈ ಕಾಡಿನ ಊರುಗಳ ಮುಂದಿರುವ ಪ್ರಶ್ನೆಗಳು ದೊಡ್ಡವು. ಬಂದರಿಗೆ ಅದಿರು, ಬಯಲುಸೀಮೆಗೆ ನೀರು, ಘಟ್ಟಕ್ಕೆ ಕಾಡು ಎಲ್ಲವೂ ಯಾರದೋ ನ್ಯಾಯವಾದ ಅಗತ್ಯ. ನಾಳೆ ಇವನ್ನು ತೀರ್ಮಾನಿಸುವವರು ಇಂದಿನ ಹೈಸ್ಕೂಲು ಮಕ್ಕಳು. ಅವರಿಗೆ ಪರ–ವಿರೋಧದ ಭಾಷಣ ಕಲಿಸುವುದಕ್ಕಿಂತ ಎರಡೂ ಕಡೆಯ ಲೆಕ್ಕವನ್ನು ಪ್ರಾಮಾಣಿಕವಾಗಿ ಬರೆಯುವುದನ್ನು ಕಲಿಸಬೇಕು.

ಇದಕ್ಕೆ ಹೊಸ ಕಾಯ್ದೆ ಬೇಡ. ನವೆಂಬರಿನ ಸಭೆಯ ತಯಾರಿ ಜೂನ್‌ನಲ್ಲೇ ಶುರುವಾಗಲಿ. ಪಂಚಾಯಿತಿ ತನ್ನ ವಾರ್ಷಿಕ ಕ್ರಿಯಾಯೋಜನೆಯ ಪ್ರತಿಯನ್ನು ಶಾಲೆಗೆ ಕೊಡಲಿ. ಸಮಾಜ ವಿಜ್ಞಾನದ ಮೇಷ್ಟ್ರಿಗೂ ಗಣಿತದ ಮೇಷ್ಟ್ರಿಗೂ ಜಂಟಿಯಾಗಿ ಒಂದಿಷ್ಟು ಪೀರಿಯಡ್ ಸಿಗಲಿ. ಮಕ್ಕಳು ಇಟ್ಟ ಪ್ರತಿ ಅಧ್ಯಯನಕ್ಕೂ ಆಗುತ್ತದೆ, ಆಗುವುದಿಲ್ಲ, ಆಗದಿದ್ದರೆ ಯಾಕೆ ಎಂದು ಪಂಚಾಯಿತಿ ಲಿಖಿತ ಉತ್ತರ ಕೊಡಲಿ. ಕಾರಣ ಸಹಿತವಾದ 'ಇಲ್ಲ' ಎಂಬ ಉತ್ತರವೂ ಮಕ್ಕಳಿಗೆ ಮುಂದಿನ ವರ್ಷದ ಪಾಠವಾಗುತ್ತದೆ.