ತಲೆ ತಗ್ಗಿಸಿ ನೋಡಬೇಕಾದ ಹಕ್ಕಿ

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಗೂಡು ಕಟ್ಟುವ ಕಾಲದಲ್ಲಿ ಹೋದವರು ತಲೆಯೆತ್ತಿದರೆ ಸಾಕು. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ಮರಗಳಲ್ಲಿಯೇ ಸಂಸಾರ ಹೂಡಿರುತ್ತವೆ. ಆದರೆ ನಮ್ಮ ಸೀಮೆಗೆ ಚಳಿಗಾಲದಲ್ಲಿ ಬರುವ ಮತ್ತೊಬ್ಬ ಅತಿಥಿಯನ್ನು ಕಾಣಬೇಕಾದರೆ ತಲೆ ತಗ್ಗಿಸಬೇಕು. ಅದರ ಹೆಸರು ನವರಂಗ.

ಗೊರವಂಕಕ್ಕಿಂತ ತುಸು ಚಿಕ್ಕದು. ಮೋಟು ಬಾಲ, ಗಟ್ಟಿ ಕಾಲು. ಬೆನ್ನು ಹಸುರು, ಕಣ್ಣಿಗೆ ಕಪ್ಪು ಪಟ್ಟಿ, ರೆಕ್ಕೆಯಲ್ಲಿ ನೀಲಿ, ಬಾಲದಡಿಯಲ್ಲಿ ಕುಂಕುಮದ ಕೆಂಪು. ಇಷ್ಟು ಬಣ್ಣ ಹೊತ್ತೂ ಅದು ಕಣ್ಣಿಗೆ ಬೀಳುವುದು ಅಪರೂಪ! ಮರದ ನೆರಳಿನಲ್ಲಿ ಕುಪ್ಪಳಿಸುತ್ತ, ತರಗೆಲೆಗಳನ್ನು ಮಗುಚಿ ಹುಳು ಹೆಕ್ಕುವುದೇ ಅದರ ದಿನಚರಿ. ಬೆಳಗಿನ ಮತ್ತು ಸಂಜೆಯ ಮಬ್ಬಿನಲ್ಲಿ ಎರಡು ಸ್ವರದ ಸಿಳ್ಳು ಹಾಕುತ್ತದೆ. ಅದಕ್ಕೇ ತಮಿಳರು ಇದನ್ನು ‘ಆರು ಗಂಟೆಯ ಹಕ್ಕಿ’ ಎನ್ನುವುದು.

ಇದರ ಶಾಸ್ತ್ರೀಯ ನಾಮದಲ್ಲಿರುವ ‘ಪಿಟ್ಟ’ ನಮ್ಮ ನೆರೆಯ ತೆಲುಗಿನ ಮಾತು. ಅಲ್ಲಿ ಪಿಟ್ಟ ಎಂದರೆ ಪುಟ್ಟ ಹಕ್ಕಿ, ಅಷ್ಟೆ. ಫ್ರೆಂಚ್ ಪಂಡಿತ ವಿಯೆಯೋ 1816ರಲ್ಲಿ ಅದನ್ನು ಕುಲನಾಮವಾಗಿಸಿದ. ಮುಂದೆ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಕಾಡಿನಲ್ಲಿ ಮೋಟು ಬಾಲದ, ನೀಳ ಕಾಲಿನ, ನೆಲದ ಮೇಲೆಯೇ ಬಾಳುವ ಹಕ್ಕಿಗಳಿಗೂ ‘ಆಂಟ್‌ಪಿಟ್ಟ’, ಎಂದರೆ ಇರುವೆ ಪಿಟ್ಟ, ಎಂಬ ಹೆಸರಾಯಿತು. ಹತ್ತಿರದ ನಂಟಿಲ್ಲ, ಹೋಲಿಕೆ ಮಾತ್ರ. ಗೋದಾವರಿ ತೀರದ ಮಾತೊಂದು ಕಡಲು ದಾಟಿ ಬೆಟ್ಟವೇರಿದ ಬಗೆ ಇದು.

ಅಲ್ಲಿಯೂ ಅವು ಕಾಣಸಿಗುವುದು ಕಷ್ಟ. ಈಕ್ವೆಡಾರಿನಲ್ಲಿ ಅಂಥ ಒಂದು ದೊಡ್ಡ ಹಕ್ಕಿ 1997ರವರೆಗೂ ವಿಜ್ಞಾನಿಗಳ ಕಣ್ಣಿಗೆ ಬಿದ್ದಿರಲಿಲ್ಲ. ರಾಬರ್ಟ್ ರಿಜ್ಲಿ ಮತ್ತು ಸಂಗಡಿಗರು ಕೂಗು ಕೇಳಿ ಕಂಡುಕೊಂಡರು. ಹೆಸರು ‘ಹೊಕೊತೊಕೊ’, ಅದರ ಕಾಡುಳಿಸಲು ಮರುವರ್ಷವೇ ಸಂಸ್ಥೆಯೊಂದು ಹುಟ್ಟಿತು. ಅದೇ ದೇಶದ ಏಂಜೆಲ್ ಪಾಸ್ ಎಂಬ ರೈತನು ಎರೆಹುಳು ತೋರಿ ‘ಮರಿಯಾ, ಮರಿಯಾ’ ಎಂದು ಕರೆದು, ದೈತ್ಯ ಆಂಟ್‌ಪಿಟ್ಟವೊಂದನ್ನು ಬಳಿಗೆ ಬರುವಂತೆ ಪಳಗಿಸಿದ. ಅದನ್ನು ನೋಡಲು ಲೋಕದ ಮೂಲೆಮೂಲೆಗಳಿಂದ ಜನ ಹೋದರು.

ನಮ್ಮ ನವರಂಗಕ್ಕೆ ಅಂಥ ಕರೆಯೂ ಬೇಕಿಲ್ಲ. ರಾತ್ರಿಯೆಲ್ಲ ಹಾರಿ ದಣಿದಾಗ ಹಿತ್ತಿಲಿಗೆ, ಕೆಲವೊಮ್ಮೆ ಮನೆಯೊಳಕ್ಕೇ ಬಂದು ಬೀಳುತ್ತದೆ. ಬೆಕ್ಕಿನ ಬಾಯಿಗೋ ಕಾಗೆಯ ಕೊಕ್ಕಿಗೋ ಸಿಕ್ಕಿದರೆ ಅದರ ಯಾತ್ರೆ ಅಲ್ಲಿಗೇ ಮುಗಿಯಿತು. ಪಂಜರದಲ್ಲಿಟ್ಟು ಸಾಕುವ ಆಸೆ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದನ್ನು ಒಪ್ಪದು. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲಲ್ಲಿ, ಸದ್ದಿಲ್ಲದೆ ಇರಿಸಿ. ಬಲವಂತದಿಂದ ನೀರು ಕುಡಿಸಬೇಡಿ. ಚೇತರಿಸಿಕೊಂಡ ಮೇಲೆ ಮಂಡ್ಯದ ತೋಟವಾಗಲಿ, ಮಳವಳ್ಳಿಯ ತೋಪಾಗಲಿ, ತರಗೆಲೆಯನ್ನು ಗುಡಿಸಿ ಸುಡದೆ ಬಿಟ್ಟಿರುವ ನೆರಳೊಂದನ್ನು ಹುಡುಕಿ, ಅಲ್ಲಿ ಪೆಟ್ಟಿಗೆಯ ಮುಚ್ಚಳ ತೆರೆಯಿರಿ.