ಅನ್ನವುಂಟು, ಪಾಲಿಲ್ಲ

ಕುಪ್ಪೇಲೂರ ಸೀಮೆಯ ಜನರಿಗೆ ತಮ್ಮ ರಾಣೀಬೆನ್ನೂರ ತಾಲೂಕಿನ ಜೋಯಿಸರಹರಳಹಳ್ಳಿಯ ಹೆಸರನ್ನು ಪರಿಚಯಮಾಡಿಕೊಡುವ ಅವಶ್ಯಕತೆಯಿಲ್ಲ. 1867ನೆಯ ಇಸವಿಯಲ್ಲಿ ಆ ಹಳ್ಳಿಯಲ್ಲಿ ಜನಿಸಿದ ಹಾಲಯ್ಯನೆಂಬ ಬಾಲಕನೇ ಮುಂದೆ ಹಾನಗಲ್ಲ ಕುಮಾರಸ್ವಾಮಿಗಳೆಂದು ನಾಡಿಗೆಲ್ಲ ಪೂಜ್ಯರಾದರು. 1904ರಲ್ಲಿ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನೂ ಸ್ಥಾಪಿಸಿದ ಅವರ ಕೀರ್ತಿಯನ್ನು ಭಾಷಣಕಾರರು ವರ್ಷವರ್ಷವೂ ಹಾಡುತ್ತಾರೆ. ಆದರೆ ಆ ಮಹನೀಯರು ಮಾಡಿದ ಇನ್ನೊಂದು ಕಾರ್ಯವನ್ನು ಇಂದು ವಾಚಕರ ಮುಂದಿಡಬೇಕೆಂದು ನಮ್ಮ ಇಚ್ಛೆ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಬಡ ಮನೆಯೊಂದರಲ್ಲಿ ಹುಟ್ಟುಗುರುಡರಾಗಿದ್ದ ಅಣ್ಣತಮ್ಮಂದಿರಿಬ್ಬರ ಹಾಡನ್ನು ಕೇಳಿ, ಅವರು ಆ ಹುಡುಗರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಅವರಲ್ಲಿ ಕಿರಿಯನಾದ ಗದಿಗೆಯ್ಯನು 1892ರಲ್ಲಿ ಹುಟ್ಟಿದವನು. ಅವನೇ ಗಾನಯೋಗಿ ಪಂಚಾಕ್ಷರಿ ಗವಾಯಿಗಳು.

ಈ ಸಂಗತಿಯ ಮಹತ್ತ್ವವು ತಿಳಿಯಬೇಕಾದರೆ ಆ ಕಾಲದ ಧರ್ಮಶಾಸ್ತ್ರವು ಏನು ಹೇಳುತ್ತಿದ್ದಿತೆಂಬುದನ್ನು ನೆನೆಯಬೇಕು. ಹುಟ್ಟುಗುರುಡರು, ಕಿವುಡರು, ಮೂಕರು, ಬುದ್ಧಿಹೀನರು ಮೊದಲಾದವರಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲವೆಂದು ಮನುವು ವಿಧಿಸಿದನು. ಅವರಿಗೆ ಜೀವವಿರುವವರೆಗೆ ಅನ್ನವಸ್ತ್ರಗಳನ್ನು ಕೊಡತಕ್ಕದ್ದೆಂದೂ ಅವನೇ ವಿಧಿಸಿದನು. ಅನ್ನವುಂಟು, ಪಾಲಿಲ್ಲ! ದತ್ತಕವಾದರೋ ವಂಶವು ಮುಂದುವರಿಯಲೆಂದು, ಪಿಂಡಪ್ರದಾನವು ತಪ್ಪದಿರಲೆಂದು ಏರ್ಪಟ್ಟುದು. ಅದರಲ್ಲಿ ಮಗುವಿನ ಹಿತಕ್ಕಿಂತ ಮನೆತನದ ಹಿತವೇ ಮುಂದಾಗಿದ್ದಿತು. ಇಂಥ ವ್ಯವಸ್ಥೆಯಲ್ಲಿ ಕುರುಡು ಮಗುವನ್ನು ಯಾರು ದತ್ತು ತೆಗೆದುಕೊಂಡಾರು? 1928ರ ಕಾಯಿದೆಯು ಆಜನ್ಮ ಬುದ್ಧಿವಿಕಲರ ಹೊರತು ಉಳಿದ ಅಂಗವಿಕಲರಿಗೆ ಪಾಲಿನ ಹಕ್ಕನ್ನು ಕೊಟ್ಟಿತು. ಉಳಿದಿದ್ದ ಆ ಅಡ್ಡಿಯೂ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದ ತೊಲಗಿತು.

ಕುಮಾರಸ್ವಾಮಿಗಳು ಈ ಕಾಯಿದೆಗಳಿಗೆ ಎಷ್ಟೋ ವರ್ಷ ಮೊದಲೇ ಆ ಅಂಧ ಬಾಲಕನಿಗೆ ಪಾಲು ಕೊಟ್ಟರು. ಹೊಲಮನೆಗಳ ಪಾಲಲ್ಲ, ವಿದ್ಯೆಯ ಪಾಲು. ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನೂ, ನೀಲಕಂಠಬುವಾ ಮಿರಜಕರರಲ್ಲಿ ಹಿಂದುಸ್ತಾನಿ ಸಂಗೀತವನ್ನೂ ಕಲಿಸುವ ಏರ್ಪಾಡಾಯಿತು. ಭಿಕ್ಷಾನ್ನದಲ್ಲಿ ಒಂದು ತುತ್ತು ಹೆಚ್ಚು ಕೊಟ್ಟು ಮಠದ ಕಟ್ಟೆಯ ಮೇಲೆ ಕುಳ್ಳಿರಿಸಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಹಾಗೆ ಮಾಡಿದ್ದರೆ ಇಂದು ಈ ಲೇಖನಕ್ಕೆ ವಿಷಯವೂ ಇರುತ್ತಿರಲಿಲ್ಲ.

ಪಂಚಾಕ್ಷರಿ ಗವಾಯಿಗಳು ತಾವು ಪಡೆದುದನ್ನು ತಮ್ಮಂಥವರಿಗೇ ಹಂಚಿದರು. ಅನಾಥರನ್ನೂ ಅಂಧರನ್ನೂ ಬಡ ಹುಡುಗರನ್ನೂ ಜೊತೆಗೆ ಕಟ್ಟಿಕೊಂಡು, ಸ್ವಂತ ಸೂರಿಲ್ಲದೆ ಊರಿಂದೂರಿಗೆ ಸಂಚರಿಸುವ ಸಂಗೀತ ಪಾಠಶಾಲೆಯನ್ನು ವರ್ಷಗಟ್ಟಲೆ ನಡೆಸಿದರು. ಮಕ್ಕಳ ಹೊಟ್ಟೆಗಾಗಿ ನಾಟಕ ಕಂಪನಿಯನ್ನೂ ಕಟ್ಟಿದರು. ಸಂನ್ಯಾಸಿಗೆ ನಾಟಕವೇಕೆಂದು ಮೂಗುಮುರಿದವರೂ ಇದ್ದಿರಬೇಕು. ಆದರೆ ಹಸಿದ ಹುಡುಗರ ಪಂಕ್ತಿಯನ್ನು ದಿನಕ್ಕೆರಡು ಸಲ ನೋಡುವವನಿಗೆ ಆ ಟೀಕೆಯನ್ನು ಕೇಳಲು ಪುರಸತ್ತೆಲ್ಲಿ? ಕೊನೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವು ನೆಲೆನಿಂತಿತು. 1944ರಲ್ಲಿ ಗವಾಯಿಗಳು ಲಿಂಗೈಕ್ಯರಾದರು.

ಅವರ ಉತ್ತರಾಧಿಕಾರಿಯಾದವರು ಪುಟ್ಟರಾಜ ಗವಾಯಿಗಳು. 1914ರಲ್ಲಿ ಹಾವೇರಿಯ ಬಳಿಯ ದೇವಗಿರಿಯಲ್ಲಿ ಹುಟ್ಟಿ, ಎಳವೆಯಲ್ಲಿಯೇ ಕಣ್ಣನ್ನೂ ತಂದೆತಾಯಿಗಳನ್ನೂ ಕಳೆದುಕೊಂಡು, ಸೋದರಮಾವನ ಮನೆಯಲ್ಲಿ ಬೆಳೆದ ಹುಡುಗನನ್ನು ಗುರುಗಳು ಸ್ವೀಕರಿಸಿದರು. ಕಾಗದಪತ್ರಗಳಲ್ಲಿ ಇದು ದತ್ತಕವಲ್ಲ. ಆದರೆ ದತ್ತಕವೆಂದರೆ ಇನ್ನೇನು? ಗುರುವಿನ ಹೆಸರು, ಗುರುವಿನ ವಿದ್ಯೆ, ಗುರುವಿನ ಪೀಠ, ಗುರುವಿನ ಸಾಲ ಇವೆಲ್ಲವೂ ಶಿಷ್ಯನ ಪಾಲಿಗೆ ಬಂದುವು. ಪುಟ್ಟರಾಜರು ಹತ್ತಾರು ವಾದ್ಯಗಳನ್ನು ನುಡಿಸಿದರು. ಕನ್ನಡ, ಸಂಸ್ಕೃತ, ಹಿಂದಿ ಈ ಮೂರು ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. ಭಕ್ತರು ಮಾಡಿದ ತುಲಾಭಾರಗಳ ಹಣವನ್ನೆಲ್ಲ ಆಶ್ರಮದ ಮಕ್ಕಳಿಗೆ ಸುರಿದರು. 2010ರಲ್ಲಿ ಪದ್ಮಭೂಷಣ ಪ್ರಶಸ್ತಿಯು ಬಂದಿತು. ಅದೇ ವರ್ಷದ ಸೆಪ್ಟೆಂಬರ 17ರಂದು ಅವರು ಕಾಲವಾದರು. ಕುರುಡನೆಂದರೆ ಭಾರವೆಂದು ತಿಳಿದಿದ್ದ ನಾಡಿನಲ್ಲಿ ಒಬ್ಬ ಅಂಧನು ಅರುವತ್ತಾರು ವರ್ಷ ಕಾಲ ನೂರಾರು ಮಕ್ಕಳ ಭಾರವನ್ನು ಹೊತ್ತನು.

ಇಂಥ ಕಾರ್ಯವು ಒಂದೇ ಮತಕ್ಕೆ ಮೀಸಲಾದುದೆಂದು ನಾವು ಹೇಳುವುದಿಲ್ಲ. ಕನ್ನಡನಾಡಿನಲ್ಲಿಯೇ ಜನಿಸಿದ ಪಂಡಿತಾ ರಮಾಬಾಯಿಯವರು ಪುಣೆಯ ಹತ್ತಿರದ ಕೇಡಗಾಂವದಲ್ಲಿ, ಕ್ರಿಸ್ತನ ಮೇಲಣ ಶ್ರದ್ಧೆಯಿಂದ, ಬರಗಾಲದಲ್ಲಿ ದಿಕ್ಕುಗೆಟ್ಟ ಹೆಣ್ಣುಮಕ್ಕಳಿಗೆ ಆಶ್ರಯವಿತ್ತರು. ಅಲ್ಲಿಯ ಅಂಧ ಬಾಲಿಕೆಯರಿಗೆ ಬ್ರೈಲ್ ಲಿಪಿಯನ್ನು ಕಲಿಸಿದವರು ಅವರ ಮಗಳು ಮನೋರಮೆ. ಎರಡೂ ಕಡೆಗಳಲ್ಲಿ ಭಕ್ತಿಯು ಅನ್ನದಲ್ಲಿಯೇ ನಿಲ್ಲದೆ ವಿದ್ಯೆಯವರೆಗೆ ನಡೆಯಿತು.

ಇನ್ನು ನಮ್ಮ ಇಂದಿನ ಸ್ಥಿತಿಯನ್ನು ನೋಡೋಣ. ಮಗುವನ್ನು ದತ್ತು ಬೇಡುವ ದಂಪತಿಗಳು ಕೇಂದ್ರ ಸರಕಾರದ ದತ್ತಕ ಪ್ರಾಧಿಕಾರದಲ್ಲಿ ಹೆಸರನ್ನು ನೋಂದಿಸಬೇಕು. ಆ ಅರ್ಜಿಯಲ್ಲಿ ಮಗುವಿನ ವಯಸ್ಸೆಷ್ಟಿರಬೇಕು, ಗಂಡೋ ಹೆಣ್ಣೋ ಎಂದು ಕೇಳುವಂತೆಯೇ ಆರೋಗ್ಯವು ಹೇಗಿರಬೇಕೆಂದೂ ಕೇಳುತ್ತಾರೆ. ಸುಶಿಕ್ಷಿತರಾದ ನಮ್ಮ ಪಟ್ಟಣವಾಸಿಗಳು ಅಲ್ಲಿ ಏನನ್ನು ತುಂಬುತ್ತಾರೆಂಬುದನ್ನು ಹೇಳಬೇಕೆ? ಕುಂದಿಲ್ಲದ ಎಳೆಗೂಸಿಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ಸರಕಾರವು ‘ವಿಶೇಷ ಅಗತ್ಯವುಳ್ಳ’ವರೆಂದು ಕರೆಯುವ ಮಕ್ಕಳು ಅದೇ ಪಟ್ಟಿಯಲ್ಲಿ ತಂದೆತಾಯಿಗಳಿಗಾಗಿ ಕಾಯುತ್ತಿರುತ್ತಾರೆ. 2015ರ ಬಾಲನ್ಯಾಯ ಕಾಯಿದೆಯ 59ನೆಯ ಕಲಮು ವಿದೇಶೀ ದತ್ತಕದಲ್ಲಿ ಅಂಗವಿಕಲ ಮಕ್ಕಳಿಗೂ ಐದು ವರ್ಷ ಮೀರಿದವರಿಗೂ ಪ್ರಾಶಸ್ತ್ಯ ಕೊಡಬಹುದೆಂದು ಹೇಳುತ್ತದೆ. ಕಾಯಿದೆಯನ್ನು ದೂಷಿಸಿ ಪ್ರಯೋಜನವಿಲ್ಲ. ನಮ್ಮ ಮನಸ್ಸನ್ನು ಅರಿತೇ ಅದನ್ನು ಬರೆದಿದ್ದಾರೆ. ಹೊರದೇಶಗಳಿಗೆ ಹೋಗುವ ನಮ್ಮ ದತ್ತುಮಕ್ಕಳಲ್ಲಿ ದೊಡ್ಡ ಪಾಲು ಇಂಥವರೇ. ನಾವು ಬೇಡವೆಂದ ಮಗುವನ್ನು ಕನ್ನಡವರಿಯದ ಪರದೇಶದ ತಾಯಿಯೊಬ್ಬಳು ಎತ್ತಿಕೊಳ್ಳುತ್ತಾಳೆ. ಆಕೆಗೆ ನಮಸ್ಕಾರ. ನಾಚಿಕೆ ನಮ್ಮದು.

ನಮ್ಮವರಲ್ಲಿ ದಯೆಯಿಲ್ಲವೆಂದಲ್ಲ. ಹುಟ್ಟುಹಬ್ಬದ ದಿನ, ಹಿರಿಯರ ಪುಣ್ಯತಿಥಿಯ ದಿನ ಅನಾಥಾಲಯಕ್ಕೆ ಹೋಗಿ ಸಿಹಿಯೂಟ ಬಡಿಸಿ, ಭಾವಚಿತ್ರ ತೆಗೆಸಿಕೊಂಡು ಬರುವವರು ಹೇರಳವಾಗಿದ್ದಾರೆ. ಅದು ಮತ್ತೆ ಮನುವಿನ ಮಾತೇ ಆಯಿತಲ್ಲವೆ? ಕಾಯಿದೆಯ ಪುಸ್ತಕದಿಂದ ಅಳಿದುಹೋದ ವಿಧಿಯು ನಮ್ಮ ನಡತೆಯಲ್ಲಿ ಬದುಕಿದೆ.

ಮಠಗಳವರಿಗೂ ಒಂದು ಮಾತು. ಗದಗಿನ ದಾರಿಯು ಅಂಧರಿಗೆ ಒಪ್ಪಿತು, ಏಕೆಂದರೆ ಸಂಗೀತಕ್ಕೆ ಕಿವಿ ಸಾಕು. ಕಿವುಡ ಮಗುವಿಗೆ, ಬುದ್ಧಿ ಮಂದವಾದ ಮಗುವಿಗೆ, ಕೈಕಾಲು ಸ್ವಾಧೀನವಿಲ್ಲದ ಮಗುವಿಗೆ ತಬಲಾ ಹಾರ್ಮೋನಿಯಮ್ಮುಗಳಿಂದ ಏನಾದೀತು? 2016ರ ಕಾಯಿದೆಯು 21 ಬಗೆಯ ಅಂಗವೈಕಲ್ಯಗಳನ್ನು ಎಣಿಸುತ್ತದೆ. ಒಂದೊಂದಕ್ಕೂ ತಕ್ಕ ವಿದ್ಯೆಯನ್ನು ಹುಡುಕುವ ಕುಮಾರಸ್ವಾಮಿಗಳು ಬೇಕಾಗಿದ್ದಾರೆ. ಅಂತೆಯೇ, ಅನಾಥ ಮಕ್ಕಳನ್ನಿಟ್ಟುಕೊಳ್ಳುವ ಸಂಸ್ಥೆಯು ಮಠದ್ದಿರಲಿ, ಚರ್ಚಿನದಿರಲಿ, ಬಾಲನ್ಯಾಯ ಕಾಯಿದೆಯಂತೆ ನೋಂದಣಿಯಾಗಲೇಬೇಕು. ಧರ್ಮಕಾರ್ಯಕ್ಕೆ ತನಿಖೆಯೇಕೆಂದು ಕೆಲವರು ಕೋಪಿಸಿಕೊಳ್ಳುವುದುಂಟು. ಕೇಳುವವರಿಲ್ಲದ ಮಗುವಿನ ವಿಷಯದಲ್ಲಿ ಯಾರಾದರೊಬ್ಬರು ಕೇಳುವುದು ಒಳ್ಳೆಯದೆಂದೇ ನಮ್ಮ ಅಭಿಪ್ರಾಯ.

ದತ್ತಕದ ಪೂರ್ಣ ಭಾರವನ್ನು ಹೊರಲು ಅಂಜುವ ಗೃಹಸ್ಥರಿಗೆ ಅದೇ ಕಾಯಿದೆಯಲ್ಲಿ ಪೋಷಕ ಕುಟುಂಬವಾಗುವ ಮಾರ್ಗವಿದೆ. ಮಗುವನ್ನು ಮನೆಯಲ್ಲಿಟ್ಟು ಸಾಕುವ ಅಂಥ ಏರ್ಪಾಡಿಗೆ 2022ರ ವಾತ್ಸಲ್ಯ ಯೋಜನೆಯ ನಿಯಮಗಳು ತಿಂಗಳಿಗೆ 4,000 ರೂಪಾಯಿಗಳ ನೆರವನ್ನು ಗೊತ್ತುಮಾಡಿವೆ. ಈ ವಿಷಯವನ್ನು ಹಳ್ಳಿಗಳವರೆಗೆ ಮುಟ್ಟಿಸುವುದು ಅಧಿಕಾರಿಗಳ ಕೆಲಸ. ಕುಪ್ಪೇಲೂರಿನಂಥ ಹೋಬಳಿಯ ಊರಿನಲ್ಲಿ ಪಂಚಾಯತಿಯ ಗೋಡೆಗೆ ಒಂದು ಹಾಳೆಯನ್ನು ಅಂಟಿಸಿದರೂ ಆರಂಭವಾದಂತಾಯಿತು. ಅಂಗವಿಕಲ ಮೊಮ್ಮಗನನ್ನು ಸಾಕುವ ಮುದುಕಿ ತನ್ನ ತರುವಾಯ ಇವನಿಗೆ ಯಾರು ದಿಕ್ಕೆಂದು ಕೊರಗುವುದು ಇಂಥ ಊರುಗಳಲ್ಲಿಯೇ.

2022ರ ಸೆಪ್ಟೆಂಬರದಲ್ಲಿ ತಿದ್ದುಪಡಿಯು ಜಾರಿಗೆ ಬಂದಂದಿನಿಂದ ದತ್ತಕದ ಆಜ್ಞೆಗೆ ಸಹಿ ಮಾಡುವವರು ನ್ಯಾಯಾಧೀಶರಲ್ಲ, ಜಿಲ್ಲಾಧಿಕಾರಿಗಳು. 1997ರಲ್ಲಿ ಹಾವೇರಿಯು ಪ್ರತ್ಯೇಕ ಜಿಲ್ಲೆಯಾಯಿತು. ಅದರ ಜಿಲ್ಲಾಡಳಿತ ಭವನವು ಈಗ ಇರುವುದು, ತಂದೆತಾಯಿಗಳಿಲ್ಲದ ಅಂಧ ಬಾಲಕ ಪುಟ್ಟಯ್ಯನು ಹುಟ್ಟಿದ ಆ ದೇವಗಿರಿಯಲ್ಲಿಯೇ.