ಕಂಬಳಿಹುಳು ಮತ್ತು ಶಾಲಾಮಕ್ಕಳ ಮೈಮೇಲಿನ ದದ್ದು

ಮಳೆಗಾಲದ ಒಂದು ದಿನ ಒಂದೇ ತರಗತಿಯ ಹಲವು ಮಕ್ಕಳ ಕತ್ತು, ಮುಂಗೈಗಳಲ್ಲಿ ಕೆಂಪು ದದ್ದುಗಳೆದ್ದು ತುರಿಕೆ ಆರಂಭವಾದರೆ, ಯಾವುದೋ ಅಂಟುರೋಗ ಹರಡಿತೆಂದು ಪಾಲಕರು ಕಳವಳಗೊಳ್ಳುವುದು ಸಹಜ. ಇಂತಹ ಸಂದರ್ಭದಲ್ಲಿ ಶಾಲೆಯ ಆವರಣದ ಮರಗಳನ್ನೂ ಒಮ್ಮೆ ಪರಿಶೀಲಿಸಬೇಕು.

ನುಗ್ಗೆಮರದ ಕಂಬಳಿಹುಳುಗಳು ಹಗಲಿನಲ್ಲಿ ಕಾಂಡದ ಮೇಲೆ ಗುಂಪಾಗಿ ಅಂಟಿಕೊಂಡಿದ್ದು, ರಾತ್ರಿ ಮೇಲೇರಿ ಎಲೆಗಳನ್ನು ತಿನ್ನುತ್ತವೆ. ಮುಂಬಯಿ, ಪುಣೆ, ಚೆನ್ನೈಗಳಂತಹ ನಗರಗಳಲ್ಲಿಯೂ ನುಗ್ಗೆಮರ ಅಪರೂಪವೇನಲ್ಲ. ಈ ಹುಳು ಕಚ್ಚುವುದಿಲ್ಲ. ತೊಂದರೆ ಕೊಡುವುದು ಅದರ ಮೈಮೇಲಿನ ಸೂಕ್ಷ್ಮವಾದ ರೋಮಗಳು. ಇವು ಚರ್ಮಕ್ಕೆ ಚುಚ್ಚಿಕೊಂಡು ಉರಿ, ತುರಿಕೆ, ದದ್ದುಗಳನ್ನು ಉಂಟುಮಾಡುತ್ತವೆ. ಕೆಲವು ಜಾತಿಯ ಹುಳುಗಳ ರೋಮಗಳಲ್ಲಿ ವಿಷವೂ ಇರುತ್ತದೆ. ಹುಳು ಕಳಚಿದ ಪೊರೆಯಲ್ಲಿಯೂ ಗೂಡಿನಲ್ಲಿಯೂ ಈ ರೋಮಗಳು ಉಳಿದಿರುತ್ತವೆ, ಗಾಳಿಯಲ್ಲಿ ತೇಲಿಯೂ ಬರುತ್ತವೆ. ಆದುದರಿಂದಲೇ ಹುಳುವನ್ನು ಮುಟ್ಟದ ಮಗುವಿಗೂ, ಮರದಡಿ ಒಣಹಾಕಿದ ಅಂಗಿಯನ್ನು ತೊಟ್ಟ ಮಗುವಿಗೂ ದದ್ದು ಏಳಬಹುದು. ಒಬ್ಬರ ದದ್ದು ಇನ್ನೊಬ್ಬರಿಗೆ ಅಂಟುವುದಿಲ್ಲ. ಹೀಗಿರುವಾಗ ಮಗುವನ್ನು ಪ್ರತ್ಯೇಕವಾಗಿ ಕೂರಿಸುವುದು ಅನಗತ್ಯ.

ನಮ್ಮಲ್ಲಿ ಅನೇಕರು ತಕ್ಷಣ ಬೂದಿ ಉಜ್ಜುತ್ತಾರೆ ಅಥವಾ ಸುಣ್ಣ ಹಚ್ಚುತ್ತಾರೆ. ಉಜ್ಜಿದಷ್ಟೂ ರೋಮಗಳು ಮುರಿದು ಚರ್ಮದೊಳಕ್ಕೆ ಇಳಿಯುತ್ತವೆ; ಸುಣ್ಣದಿಂದ ಚರ್ಮ ಸುಡುವ ಭಯವೂ ಉಂಟು. ಇದಕ್ಕೆ ಬದಲಾಗಿ ಅಂಟುಪಟ್ಟಿಯನ್ನು, ಅಂದರೆ ಸಾಮಾನ್ಯ ಸೆಲ್ಲೊಟೇಪನ್ನು, ದದ್ದಿನ ಮೇಲೆ ಮೃದುವಾಗಿ ಒತ್ತಿ ಎತ್ತಬೇಕು. ಪ್ರತಿ ಸಲವೂ ಹೊಸ ತುಂಡನ್ನು ಬಳಸಿ ಇದನ್ನು ಕೆಲವು ಬಾರಿ ಮಾಡಿದರೆ ರೋಮಗಳು ಪಟ್ಟಿಗೆ ಅಂಟಿ ಹೊರಬರುತ್ತವೆ. ಅನಂತರ ಸಾಬೂನು ಹಾಗೂ ನೀರಿನಿಂದ ತೊಳೆದು, ತಣ್ಣೀರಿನ ಬಟ್ಟೆ ಇಟ್ಟು, ಕ್ಯಾಲಮೈನ್ ದ್ರಾವಣ ಲೇಪಿಸಬಹುದು. ಮಗುವಿನ ಉಡುಪನ್ನು ಬದಲಿಸಿ, ಕಳಚಿದುದನ್ನು ಬೇರೆಯಾಗಿ ಒಗೆಯಬೇಕು. ತುರಿಕೆ ಹೆಚ್ಚಾಗಿದ್ದಲ್ಲಿ ವೈದ್ಯರು ಅಲರ್ಜಿನಿವಾರಕ ಮಾತ್ರೆ ಕೊಡುತ್ತಾರೆ. ದದ್ದು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತದೆ.

ಕಣ್ಣಿನ ವಿಷಯ ಮಾತ್ರ ಬೇರೆ. ಕಣ್ಣಿಗೆ ಹೊಕ್ಕ ರೋಮ ಕ್ರಮೇಣ ಒಳಭಾಗಕ್ಕೂ ಸರಿದು ದೃಷ್ಟಿಗೆ ಹಾನಿ ಮಾಡಬಲ್ಲದು. ಕಣ್ಣನ್ನು ಉಜ್ಜಲು ಬಿಡದೆ, ಶುದ್ಧ ನೀರಿನಿಂದ ತೊಳೆದು, ಅಂದೇ ನೇತ್ರವೈದ್ಯರಿಗೆ ತೋರಿಸಬೇಕು. ಉಸಿರಾಟಕ್ಕೆ ತೊಂದರೆಯಾದರೆ, ತುಟಿ ಅಥವಾ ನಾಲಿಗೆ ಊದಿಕೊಂಡರೆ, ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಹುಳುವಿಗೆ ಹೆದರಿ ಮರವನ್ನೇ ಕಡಿಸುವವರಿದ್ದಾರೆ. ಸೊಪ್ಪು, ಕಾಯಿ ಎರಡನ್ನೂ ಕೊಡುವ ನುಗ್ಗೆಗೆ ಈ ಶಿಕ್ಷೆ ಬೇಕಿಲ್ಲ. ರಜೆಯ ದಿನ ಮೈತುಂಬ ಬಟ್ಟೆ, ಕೈಗವಸು, ಕನ್ನಡಕ ಧರಿಸಿದ ಹಿರಿಯರು ಕಾಂಡಕ್ಕೆ ನೀರೆರಚಿ ಒದ್ದೆ ಮಾಡಿ, ಉದ್ದನೆಯ ಕೋಲಿನಿಂದ ಹುಳುಗಳನ್ನು ಸಾಬೂನು ನೀರಿನ ಬಕೆಟ್ಟಿಗೆ ಕೆಡವಬಹುದು. ಒಣಗಿದ ಪೊರೆಗಳನ್ನು ಪೊರಕೆಯಿಂದ ಗುಡಿಸಿದರೆ ರೋಮಗಳು ಮತ್ತೆ ಗಾಳಿಗೇರುತ್ತವೆ. ಅವನ್ನೂ ನೀರು ಚಿಮುಕಿಸಿಯೇ ತೆಗೆಯಬೇಕು.